ಗಿಟಾರಿನ ಮೆಟ್ಟುಗಳೂ ಸ್ವರಶ್ರೇಣಿಯ ಅಭ್ಯಾಸವೂ

ಗಿಟಾರೆಂಬ ವಾದ್ಯವನ್ನು ಕಲಿಯತೊಡಗಿದವನಿಗೆ ಈ ಕಾಲದಲ್ಲಿ ಗುರುಗಳು ಮೊದಲು ಎರಡು ಬಗೆಯ ಪಾಠಗಳನ್ನು ಹೇಳುವರು. ಹಲವು ತಂತಿಗಳನ್ನು ಒಮ್ಮೆಗೇ ಒತ್ತಿ ಮೀಟಿ ಹೊರಡಿಸುವ ಸ್ವರಗುಚ್ಛಗಳು ಒಂದು ಬಗೆ. ಒಂದಾದಮೇಲೊಂದರಂತೆ ಬಿಡಿಸ್ವರಗಳನ್ನು ಏರಿಸಿ ಇಳಿಸುವ ಶ್ರೇಣಿಗಳು ಇನ್ನೊಂದು ಬಗೆ. ಗುಚ್ಛಗಳಿಂದ ಹಾಡಿಗೆ ಆಸರೆ ದೊರೆಯುವುದು. ಶ್ರೇಣಿಗಳಿಂದ, ಹಾಡು ನಿಂತೆಡೆಯಲ್ಲಿ ವಾದಕನೊಬ್ಬನೇ ಮುಂದೆ ನಿಂತು ಸ್ವಕಲ್ಪನೆಯಿಂದ ನುಡಿಸುವ ಏಕವಾದನವು ಹುಟ್ಟುವುದು. ಈ ಎರಡನೆಯ ಪಾಠದ ವಿಷಯವಾಗಿ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಶ್ರೇಣ್ಯಭ್ಯಾಸವೆಂಬುದು ಅಮೆರಿಕದ ಸಂಗೀತಶಾಲೆಗಳು ಇಪ್ಪತ್ತನೆಯ ಶತಮಾನದಲ್ಲಿ ಕಲ್ಪಿಸಿದ ಕ್ರಮವೆಂದೂ, ಪೂರ್ವದ ವಾದಕರೆಲ್ಲರೂ ಕಿವಿಯೊಂದನ್ನೇ ನಂಬಿದ್ದರೆಂದೂ ಕೆಲವರು ಹೇಳುವರು. ಶಾಸ್ತ್ರವನ್ನರಿಯದವನಿಗೆ ಏಕವಾದನವೇ ಅಸಾಧ್ಯವೆಂದು ಬೇರೆ ಕೆಲವರು ಸಾಧಿಸುವರು. ಮುದ್ರಿತ ಗ್ರಂಥಗಳನ್ನೂ ಧ್ವನಿಮುದ್ರಿಕೆಗಳನ್ನೂ ಕಾಲಾನುಕ್ರಮವಾಗಿ ಇಟ್ಟು ನೋಡಿದರೆ ಈ ಎರಡು ಪಕ್ಷಗಳೂ ನಿಲ್ಲವೆಂದು ನಮಗೆ ತೋರುತ್ತದೆ.

ಮೊದಲು ವಾದ್ಯದ ರಚನೆಯನ್ನು ಸ್ವಲ್ಪ ವಿಚಾರಿಸಬೇಕು. ವೀಣೆಯ ದಂಡಿಯ ಮೇಲಿರುವಂತೆಯೇ ಗಿಟಾರಿನ ಕೊರಳಿನ ಮೇಲೂ ಅಡ್ಡ ಮೆಟ್ಟುಗಳಿರುವುವು. ಒಂದು ಮೆಟ್ಟಿನಿಂದ ಮುಂದಿನ ಮೆಟ್ಟಿಗೆ ಅರ್ಧಸ್ವರದ ಅಂತರ. ಹನ್ನೆರಡನೆಯ ಮೆಟ್ಟಿನಲ್ಲಿ ತಂತಿಯ ಉದ್ದವು ಅರ್ಧಕ್ಕೆ ಇಳಿದು ತಾರಸ್ಥಾಯಿಯ ಷಡ್ಜವು ನುಡಿಯುವುದು. ಈಗಿನ ಗಿಟಾರಿಗೆ ಆರು ತಂತಿಗಳು. ನೆರೆಹೊರೆಯ ತಂತಿಗಳ ನಡುವೆ ಸಾಮಾನ್ಯವಾಗಿ ಐದು ಅರ್ಧಸ್ವರಗಳ, ಎಂದರೆ ಷಡ್ಜದಿಂದ ಶುದ್ಧಮಧ್ಯಮದ, ಅಂತರವಿರುವುದು. ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ ನಾಲ್ಕು ಅರ್ಧಸ್ವರಗಳು. ಹೀಗೆ ಮಾಡಿರುವುದರಿಂದ ಮೊದಲನೆಯ ಮತ್ತು ಆರನೆಯ ತಂತಿಗಳು ಸರಿಯಾಗಿ ಎರಡು ಸ್ಥಾಯಿಗಳ ದೂರದಲ್ಲಿ ನಿಲ್ಲುತ್ತವೆ. ಗುಚ್ಛಗಳೂ ಕೈಗೆ ಸುಲಭವಾಗಿ ಒದಗುತ್ತವೆ. ಆದರೆ ಬಿಡಿಸ್ವರಗಳನ್ನು ನುಡಿಸುವವನಿಗೆ ಇದೊಂದು ತೊಡಕು. ಕೆಳಗಿನ ತಂತಿಗಳಲ್ಲಿ ಬೆರಳಿಗೆ ರೂಢಿಯಾದ ಆಕೃತಿಯು ಎರಡನೆಯ ತಂತಿಗೆ ಬಂದೊಡನೆ ಒಂದು ಮೆಟ್ಟು ಮುಂದಕ್ಕೆ ಸರಿಯುವುದು. ಅಂದರೆ ಈ ವಾದ್ಯದ ಶ್ರುತಿಯು ಗುಚ್ಛಕ್ಕೆ ಒಲಿದದ್ದು, ಶ್ರೇಣಿಗೆ ಅಷ್ಟಾಗಿ ಒಲಿದದ್ದಲ್ಲ. ಮುಂದಿನ ಚರಿತ್ರೆಯ ಬಹುಭಾಗವು ಈ ಎಳೆದಾಟದಿಂದಲೇ ಹುಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು.

ಗಿಟಾರಿನ ಸಮೀಪಬಂಧುವಾದ ವಿಹುವೇಲ ಎಂಬ ವಾದ್ಯವು ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ರಾಜಸಭೆಗಳ ಮನ್ನಣೆಯನ್ನು ಪಡೆದಿತ್ತು. ಅದಕ್ಕಾಗಿ ಅಚ್ಚಾದ ಮೊದಲನೆಯ ಗ್ರಂಥವು ವಲೆನ್ಸಿಯಾ ನಗರದ ಲೂಯಿಸ್ ಮಿಲಾನನದು. ೧೫೩೬ರಲ್ಲಿ ಹೊರಬಿದ್ದ ಆ ಪುಸ್ತಕಕ್ಕೆ ಗ್ರಂಥಕರ್ತನು ‘ಎಲ್ ಮಾಯೆಸ್ತ್ರೊ’, ಅರ್ಥಾತ್ ‘ಗುರು’, ಎಂದೇ ಹೆಸರಿಟ್ಟನು. ಏನನ್ನೂ ಅರಿಯದ ವಿದ್ಯಾರ್ಥಿಯನ್ನು ಕ್ರಮವಾಗಿ ಮೇಲಕ್ಕೇರಿಸುವುದೇ ಅವನ ಉದ್ದೇಶ. ಅದರಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಒಂದು ಅಂಶವುಂಟು. ಮಿಲಾನನು ತನ್ನ ಕೆಲವು ಕೃತಿಗಳಲ್ಲಿ ಸ್ವರಗುಚ್ಛಗಳನ್ನೂ ‘ರೆದೋಬ್ಲೆ’ಗಳೆಂಬ ಬಿಡಿಸ್ವರಗಳ ಓಟವನ್ನೂ ಬೇರ್ಪಡಿಸಿ, ಗುಚ್ಛಗಳನ್ನು ವಿಳಂಬವಾಗಿಯೂ ಓಟಗಳನ್ನು ದ್ರುತವಾಗಿಯೂ ನುಡಿಸಬೇಕೆಂದು ವಿಧಿಸಿದ್ದಾನೆ. ಅಷ್ಟೇ ಅಲ್ಲದೆ ಕೃತಿಗಳನ್ನು ಆ ಕಾಲದ ಸ್ವರಪದ್ಧತಿಗಳಿಗೆ ಅನುಸಾರವಾಗಿ ವಿಂಗಡಿಸಿಯೂ ಇದ್ದಾನೆ. ಬಿಡಿಸ್ವರಗಳ ಓಟವನ್ನು ಶ್ರೇಣಿಯ ತಿಳಿವಳಿಕೆಯೊಡನೆ ಕಲಿಸುವ ಕ್ರಮವು ಅಮೆರಿಕದ ಶಾಲೆಗಳಿಗಿಂತ ನಾನೂರು ವರ್ಷಗಳಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ಗಿಟಾರೆಂಬ ಹೆಸರಿನ ವಾದ್ಯಕ್ಕೇ ಬರೆದ ಕೃತಿಗಳು ಮೊದಲು ಅಚ್ಚಾದದ್ದು ೧೫೪೬ರಲ್ಲಿ, ಅಲೋನ್ಸೊ ಮುದಾರ್ರನ ಪುಸ್ತಕದಲ್ಲಿ. ೧೫೫೫ರಲ್ಲಿ ಹ್ವಾನ್ ಬೆರ್ಮುದೊ ಎಂಬ ಸಂನ್ಯಾಸಿಯು ವಾದ್ಯಲಕ್ಷಣಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿ, ನಾಲ್ಕು ಜೋಡಿ ತಂತಿಗಳ ಅಂದಿನ ಗಿಟಾರು ವಿಹುವೇಲದ ಮೊದಲ ಮತ್ತು ಕಡೆಯ ತಂತಿಗಳನ್ನು ತೆಗೆದಂತೆ ಇರುವುದೆಂದು ವಿವರಿಸಿದನು.

ಇಲ್ಲಿ ವಾಚಕರ ಗಮನವನ್ನು ಒಂದು ಸಮಕಾಲೀನತೆಯ ಕಡೆಗೆ ಸೆಳೆಯುವುದು ಅಪ್ರಕೃತವಾಗಲಾರದು. ಬೆರ್ಮುದೊವಿನ ಗ್ರಂಥಕ್ಕೆ ಐದು ವರ್ಷ ಮುಂಚೆ, ೧೫೫೦ರಲ್ಲಿ, ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ‘ಸ್ವರಮೇಲಕಲಾನಿಧಿ’ಯನ್ನು ಬರೆದನು. ವೀಣೆಯ ಮೆಟ್ಟುಗಳನ್ನು ಅವನು ‘ಸಾರಿ’ಗಳೆಂದು ಕರೆದು, ಒಂದೇ ರಾಗಕ್ಕೆ ಬೇಕಾದಷ್ಟು ಮೆಟ್ಟುಗಳನ್ನು ಹೂಡಿದ ಏಕರಾಗಮೇಲವೀಣೆ, ಎಲ್ಲ ರಾಗಗಳಿಗೂ ಒದಗುವಂತೆ ಹೂಡಿದ ಸರ್ವರಾಗಮೇಲವೀಣೆ ಎಂದು ಎರಡು ಭೇದಗಳನ್ನು ಹೇಳಿದ್ದಾನೆ, ರಾಗಗಳನ್ನು ಇಪ್ಪತ್ತು ಮೇಳಗಳಲ್ಲಿ ಅಡಗಿಸಿದ್ದಾನೆ. ಸ್ಪೇನಿಗೂ ವಿಜಯನಗರಕ್ಕೂ ಈ ವಿಷಯದಲ್ಲಿ ಕೊಡುಕೊಳ್ಳುವಿಕೆಯಿತ್ತೆಂದು ನಾವು ಹೇಳುತ್ತಿಲ್ಲ. ಮೆಟ್ಟುಳ್ಳ ವಾದ್ಯವು ಎಲ್ಲಿದ್ದರೂ ಅದೇ ಪ್ರಶ್ನೆಯನ್ನು ಎತ್ತುವುದೆಂಬುದಷ್ಟೇ ನಮ್ಮ ಅಭಿಪ್ರಾಯ. ಹಾಡುಗಾರನ ಕಂಠಕ್ಕೆ ಸ್ವರಸ್ಥಾನಗಳನ್ನು ಎಣಿಸುವ ಅಗತ್ಯವಿಲ್ಲ. ಮೇಣದಲ್ಲಿ ಮೆಟ್ಟನ್ನು ನಿಲ್ಲಿಸುವವನು ಮಾತ್ರ ಎಣಿಸದೆ ಕೈಯಿಡಲಾರನು.

ಆ ಎಣಿಕೆಯನ್ನು ಪಾಶ್ಚಾತ್ಯರಲ್ಲಿ ಸುಲಭವಾದ ಸೂತ್ರವಾಗಿ ಹೇಳಿದವನು ವಿಂಚೆಂತ್ಸೊ ಗೆಲಿಲಿ, ಖಗೋಲಜ್ಞನಾದ ಗೆಲಿಲಿಯೋವಿನ ತಂದೆ. ೧೫೮೧ರ ತನ್ನ ಸಂವಾದಗ್ರಂಥದಲ್ಲಿ ಅವನು, ಮೇರುವಿನಿಂದ ಕುದುರೆಯವರೆಗಿನ ತಂತಿಯನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲಿನ ಕೊನೆಯಲ್ಲಿ ಮೊದಲನೆಯ ಮೆಟ್ಟನ್ನಿಡಬೇಕು. ಉಳಿದುದನ್ನು ಮತ್ತೆ ಹದಿನೆಂಟು ಪಾಲು ಮಾಡಿ ಎರಡನೆಯದನ್ನಿಡಬೇಕು. ಹೀಗೆಯೇ ಮುಂದುವರಿಯಬೇಕು ಎಂದನು. ೬೫೦ ಮಿಲಿಮೀಟರು ಉದ್ದದ ತಂತಿಗೆ ಈ ಸೂತ್ರವನ್ನು ಹನ್ನೆರಡು ಬಾರಿ ಅನ್ವಯಿಸಿದರೆ ಹನ್ನೆರಡನೆಯ ಮೆಟ್ಟು ೩೨೫ರಲ್ಲಿ ನಿಲ್ಲುವ ಬದಲು ಸುಮಾರು ೩೨೨.೬ರಲ್ಲಿ ನಿಲ್ಲುತ್ತದೆ. ಎರಡು ಮಿಲಿಮೀಟರಿಗೆ ಸ್ವಲ್ಪ ಮಿಕ್ಕ ಈ ಕೊರತೆಯು ಕರುಳಿನ ಮೆಟ್ಟುಗಳನ್ನು ಕೊರಳಿಗೆ ಕಟ್ಟಿ ಬೇಕಾದಂತೆ ಸರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಬಾಧಿಸಲಿಲ್ಲ. ಈಗ ಹದಿನೆಂಟಕ್ಕೆ ಬದಲಾಗಿ ೧೭.೮೧೭ರಿಂದ ಭಾಗಿಸುತ್ತಾರೆ. ಅರ್ಧಸ್ವರಗಳೆಲ್ಲವೂ ಸಮವಾದವು. ಒಂದು ಶ್ರೇಣಿಯ ಆಕೃತಿಯನ್ನು ಕಲಿತವನು ಅದನ್ನೇ ಯಾವ ಮೆಟ್ಟಿನಿಂದಲಾದರೂ ಆರಂಭಿಸಿ ನುಡಿಸಬಹುದೆಂಬ ಇಂದಿನ ಬೋಧನೆಯ ಬುಡದಲ್ಲಿರುವುದು ಈ ಸಮವಿಭಾಗವೇ.

ಹೀಗೆ ಸಿದ್ಧವಾಗಿದ್ದ ದಾರಿಯನ್ನು ಗಿಟಾರು ಒಡನೆಯೇ ಹಿಡಿಯಲಿಲ್ಲ. ವೈದ್ಯನಾಗಿದ್ದ ಹ್ವಾನ್ ಕಾರ್ಲೆಸ್ ಅಮಾತನು ೧೫೯೬ರಲ್ಲಿ ಐದು ಜೋಡಿ ತಂತಿಗಳ ಗಿಟಾರಿಗಾಗಿ ಬರೆದ ಚಿಕ್ಕ ಪುಸ್ತಕದಲ್ಲಿ ಇಪ್ಪತ್ತುನಾಲ್ಕು ಗುಚ್ಛಗಳಿಗೆ ಅಂಕೆಗಳ ಗುರುತು ಕೊಟ್ಟನು. ೧೬೦೬ರಲ್ಲಿ ಇಟಲಿಯ ಮೊಂತೆಸಾರ್ದೊ ಎಂಬವನು ಅಂಕೆಗಳಿಗೆ ಬದಲಾಗಿ ಅಕ್ಷರಗಳನ್ನಿಟ್ಟನು. ಅಕ್ಷರವನ್ನು ಕಂಡು ಕೈಯನ್ನು ಆ ಆಕೃತಿಯಲ್ಲಿಟ್ಟು ಎಲ್ಲ ತಂತಿಗಳನ್ನೂ ಬಾಚಿ ಮೀಟಿದರೆ ಸಾಕು. ಸ್ವರದ ಹೆಸರೂ ಬೇಡ, ಶ್ರೇಣಿಯೂ ಬೇಡ. ಪಂಡಿತರು ಈ ಪದ್ಧತಿಯನ್ನು ಹಳಿಯುವುದುಂಟು. ನಮಗಾದರೋ ಅದು ಅಷ್ಟು ಹೀನವೆಂದು ತೋರದು. ಗಿಟಾರು ಮನೆಮನೆಗೂ ಹೊಕ್ಕದ್ದು ಈ ಅಕ್ಷರಗಳ ಮೂಲಕವೇ. ಗಾಸ್ಪರ್ ಸಾನ್ಸನು ೧೬೭೪ರಲ್ಲಿ ಸರಗೋಸದಿಂದ ಪ್ರಕಟಿಸಿದ ಬೋಧಿನಿಯಲ್ಲಿ ಬಾಚಿ ಮೀಟುವುದನ್ನೂ ಬಿಡಿಯಾಗಿ ಮೀಟುವುದನ್ನೂ ಜೊತೆಗೂಡಿಸಿದನು. ಮುಂದೆ ಜೋಡಿ ತಂತಿಗಳು ಹೋಗಿ ಆರು ಒಂಟಿತಂತಿಗಳು ಬಂದವು. ಫೆರ್ನಾಂದೊ ಸೋರನು ೧೮೩೦ರಲ್ಲಿ ಪ್ಯಾರಿಸಿನಲ್ಲಿ ಅಚ್ಚುಮಾಡಿಸಿದ ಗ್ರಂಥವು ಬೆರಳ ವ್ಯವಸ್ಥೆಯನ್ನು ಜೋಡಿಸ್ವರಗಳ ಜ್ಞಾನದ ಮೇಲೆ ನಿಲ್ಲಿಸಿತು. ಆ ಶತಮಾನದ ಉಳಿದ ಬೋಧಿನಿಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬರೆದಿಟ್ಟ ಕೃತಿಯನ್ನು ಶುದ್ಧವಾಗಿ ನುಡಿಸುವುದು ಅವುಗಳ ಗುರಿ, ಕಲ್ಪನಾವಾದನವಲ್ಲ. ಆಂದ್ರೆಸ್ ಸೆಗೋವಿಯನು ೧೯೫೩ರಲ್ಲಿ ಪ್ರಕಟಿಸಿದ ಪ್ರಸಿದ್ಧ ಶ್ರೇಣಿಸಂಗ್ರಹವೂ ಬೆರಳಿನ ಪಳಗಿಕೆಗಾಗಿಯೇ ಉದ್ದೇಶಿಸಿದುದು.

ಕಲ್ಪನಾವಾದನವು ಗಿಟಾರಿಗೆ ಮರಳಿ ಬಂದದ್ದು ಅಮೆರಿಕದ ನೀಗ್ರೋ ಜನಾಂಗದ ಸಂಗೀತದಿಂದ. ಅವರ ಬ್ಲೂಸ್ ಎಂಬ ಗಾನದಲ್ಲಿ ಐದು ಸ್ವರಗಳ ಶ್ರೇಣಿಯೊಂದು ಮೇಲೆದ್ದು ಕಾಣುವುದು: ಷಡ್ಜ, ಸಾಧಾರಣ ಗಾಂಧಾರ, ಶುದ್ಧಮಧ್ಯಮ, ಪಂಚಮ, ಕೈಶಿಕಿ ನಿಷಾದ. ನಮ್ಮ ಶುದ್ಧಧನ್ಯಾಸಿಯ ಸ್ವರಗಳು ಇವೇ. ಗಿಟಾರಿನ ಐದನೆಯ ಮೆಟ್ಟಿನಿಂದ ಎಂಟನೆಯ ಮೆಟ್ಟಿನವರೆಗೆ ಕೈಯನ್ನು ಕದಲಿಸದೆ, ಒಂದೊಂದು ತಂತಿಯಲ್ಲಿ ಎರಡೆರಡು ಸ್ವರಗಳಂತೆ, ಈ ಶ್ರೇಣಿಯ ಹನ್ನೆರಡು ಸ್ವರಗಳನ್ನು ನುಡಿಸಬಹುದು. ಎರಡು ಸ್ಥಾಯಿಗಳನ್ನು ದಾಟಿ ಇನ್ನೂ ಒಂದು ಗಾಂಧಾರ ಮೇಲಕ್ಕೆ ಹೋಗಬಹುದು. ಇಂದಿನ ವಿದ್ಯಾರ್ಥಿಗೆ ಏಕವಾದನದ ಮೊದಲ ಪಾಠವಾಗಿ ಈ ಅಂಕಣವನ್ನೇ ತೋರಿಸುವುದು ವಾಡಿಕೆ. ಆದರೆ ಹಳೆಯ ವಾದಕರು ಅಂಕಣವನ್ನು ಕಲಿತು ಬ್ಲೂಸನ್ನು ನುಡಿಸಿದವರಲ್ಲ. ಹಾಡುವವರ ಗಾಂಧಾರವು ಸಾಧಾರಣವೂ ಅಲ್ಲ, ಅಂತರವೂ ಅಲ್ಲ. ಎರಡು ಮೆಟ್ಟುಗಳ ನಡುವೆ ಎಲ್ಲಿಯೋ ನಿಲ್ಲುವಂಥದು. ಅದನ್ನು ಹಿಡಿಯಲು ಅವರು ತಂತಿಯನ್ನು ಪಕ್ಕಕ್ಕೆ ಸೆಳೆದರು, ಇಲ್ಲವೆ ಗಾಜನ್ನೋ ಲೋಹವನ್ನೋ ತಂತಿಯ ಮೇಲೆ ಜಾರಿಸಿದರು. ಶಾಸ್ತ್ರಜ್ಞರು ಐದು ಸ್ವರಗಳನ್ನು ಹೆಕ್ಕಿ ಹೆಸರಿಟ್ಟದ್ದು ಆಮೇಲೆ. ಆದ್ದರಿಂದ ಶಾಸ್ತ್ರವಿಲ್ಲದೆ ಏಕವಾದನವಿಲ್ಲವೆಂಬ ಎರಡನೆಯ ಪಕ್ಷವೂ ಇಲ್ಲಿಯೇ ಬೀಳುತ್ತದೆ.

ಲಾನಿ ಜಾನ್ಸನನು ೧೯೨೦ರ ದಶಕದ ಕೊನೆಯ ಭಾಗದಲ್ಲಿ ಧ್ವನಿಮುದ್ರಿಕೆಗಳಿಗೆ ನುಡಿಸಿದ ಬಿಡಿಸ್ವರಗಳ ವಾದನವು ಹಲವರಿಗೆ ಮೇಲ್ಪಂಕ್ತಿಯಾಯಿತು. ಆದರೂ ತುತ್ತೂರಿಗಳ ಮೇಳದಲ್ಲಿ ಗಿಟಾರಿನ ಒಂಟಿತಂತಿಯ ದನಿ ಕೇಳಿಸುತ್ತಿರಲಿಲ್ಲ. ಬಾಚಿ ಮೀಟಿ ತಾಳವನ್ನು ಎತ್ತಿಹಿಡಿಯುವುದೇ ಅದರ ಕೆಲಸವಾಗಿತ್ತು. ವಿದ್ಯುತ್ತಿನಿಂದ ದನಿಯನ್ನು ಹೆಚ್ಚಿಸುವ ಗಿಟಾರನ್ನು ಗಿಬ್ಸನ್ ಸಂಸ್ಥೆಯವರು ೧೯೩೬ರಲ್ಲಿ ಮಾರಾಟಕ್ಕೆ ತಂದ ಮೇಲೆ ಈ ಅಡಚಣೆ ನೀಗಿತು. ೧೯೩೯ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು ಇಪ್ಪತ್ತೈದರ ವಯಸ್ಸಿನಲ್ಲಿ, ೧೯೪೨ರಲ್ಲಿ, ಕ್ಷಯದಿಂದ ತೀರಿಕೊಂಡನು. ಆ ಮೂರು ವರ್ಷಗಳಲ್ಲಿಯೇ ಗಿಟಾರಿನ ಏಕವಾದನಕ್ಕೆ ಹೊಸ ಭಾಷೆಯನ್ನು ಕೊಟ್ಟುಹೋದನು. ಅವನ ಸ್ವರಸಂಚಾರಗಳು ಎಡಗೈ ಹಿಡಿದ ಗುಚ್ಛಾಕೃತಿಗಳ ಸುತ್ತಲೇ ಹೆಣೆದವೆಂದು ಬಲ್ಲವರು ಹೇಳುವರು. ವೆಸ್ ಮಾಂಟ್‌ಗೊಮರಿಯು ಆ ಮುದ್ರಿಕೆಗಳನ್ನು ಕೇಳಿ ಕೇಳಿ ಒಪ್ಪಿಸಿಕೊಂಡೇ ವಾದಕನಾದನು, ಲಿಪಿಯನ್ನು ಓದಿದವನಲ್ಲ. ನಮ್ಮಲ್ಲಿ ಗುರುಮುಖವು ಮಾಡುವ ಕೆಲಸವನ್ನು ಅಲ್ಲಿ ಧ್ವನಿಮುದ್ರಿಕೆಯು ಮಾಡಿತು.

ಗುಚ್ಛದಿಂದ ಶ್ರೇಣಿಗೆ ಮನಸ್ಸು ತಿರುಗಿದುದು ಜಾರ್ಜ್ ರಸೆಲ್ಲನ ಗ್ರಂಥದಿಂದ ಈಚೆಗೆ. ೧೯೫೩ರಲ್ಲಿ ಹೊರಟ ಆ ಗ್ರಂಥವು ಪ್ರತಿಯೊಂದು ಗುಚ್ಛಕ್ಕೂ ತಕ್ಕ ಶ್ರೇಣಿಯುಂಟೆಂದು ಪ್ರತಿಪಾದಿಸಿತು. ಮೈಲ್ಸ್ ಡೇವಿಸನು ೧೯೫೯ರಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ ಎಂಬ ಕೃತಿಯಲ್ಲಿ ಗುಚ್ಛಗಳ ಓಡಾಟವೇ ಅಡಗಿ, ಹದಿನಾರು ಆವರ್ತ ಒಂದೇ ದೋರಿಯನ್ ಶ್ರೇಣಿ, ಎಂಟು ಆವರ್ತ ಅದೇ ಶ್ರೇಣಿ ಅರ್ಧಸ್ವರ ಮೇಲೆ, ಮತ್ತೆ ಎಂಟು ಆವರ್ತ ಮೊದಲಿನದು ಎಂಬ ವ್ಯವಸ್ಥೆಯಿದೆ. ದೋರಿಯನ್ ಎಂಬುದು ನಮ್ಮ ಇಪ್ಪತ್ತೆರಡನೆಯ ಮೇಳವಾದ ಖರಹರಪ್ರಿಯ. ಶಂಕರಾಭರಣದ ಅಂತರಗಳು ಅರ್ಧಸ್ವರಗಳ ಎಣಿಕೆಯಲ್ಲಿ ೨, ೨, ೧, ೨, ೨, ೨, ೧ ಆಗಿರುವುವಷ್ಟೆ. ಆ ಮೆಟ್ಟುಗಳನ್ನೇ ರಿಷಭವನ್ನು ಷಡ್ಜವಾಗಿಟ್ಟು ನುಡಿಸಿದರೆ ಖರಹರಪ್ರಿಯ, ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ ದೊರೆಯುವುವು. ನಿಷಾದದಿಂದ ಹೊರಟರೆ ಪಂಚಮವು ಸಿಕ್ಕದು. ಗ್ರಹಭೇದವೆಂದು ನಾವು ಕರೆಯುವ ಈ ಕ್ರಮವನ್ನೇ ಅಮೆರಿಕದ ಬೋಧಕರು ಗಿಟಾರಿನ ವಿದ್ಯಾರ್ಥಿಗೆ ಕಲಿಸುತ್ತ ಬಂದರು. ಬಾಸ್ಟನ್ ನಗರದ ಬರ್ಕ್ಲಿ ಸಂಗೀತಶಾಲೆಯಲ್ಲಿ ಗಿಟಾರನ್ನು ಬೋಧಿಸುತ್ತಿದ್ದ ವಿಲಿಯಂ ಲೆವಿಟ್ಟನ ಪಾಠಪುಸ್ತಕದ ಮೊದಲ ಸಂಪುಟ ಅಚ್ಚಾದದ್ದು ೧೯೬೬ರಲ್ಲಿ. ಈ ಬೋಧನೆಯಿಂದ ಆದ ಲಾಭವು ದೊಡ್ಡದು. ಆದರೆ ಅಂಕಣಗಳನ್ನೇ ಏರಿಳಿದು ಅದನ್ನೇ ಸಂಗೀತವೆಂದು ತಿಳಿಯುವವರೂ ಅದರಿಂದ ಹೆಚ್ಚಿದರು. ಆರೋಹಣಾವರೋಹಣಗಳನ್ನು ಒಪ್ಪಿಸಿದವನನ್ನು ರಾಗಜ್ಞನೆಂದು ನಮ್ಮವರು ಎಂದೂ ಕರೆಯರು.

ಇಂಗ್ಲೆಂಡಿನ ಗಿಟಾರುವಾದಕ ಜಾನ್ ಮೆಕ್‌ಲಾಘ್ಲಿನನಿಗೆ ಈ ಕೊರತೆ ಅರಿವಾಗಿದ್ದಿರಬೇಕು. ಅವನು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ವಾನ್ ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಸಿಸಿದನು. ಆಮೇಲೆ ಪಿಟೀಲಿನ ಎಲ್. ಶಂಕರ್, ತಬಲದ ಜಾಕಿರ್ ಹುಸೇನ್, ಘಟದ ವಿನಾಯಕರಾಮ್ ಇವರೊಡನೆ ಕಟ್ಟಿದ ‘ಶಕ್ತಿ’ ಎಂಬ ಮೇಳದಲ್ಲಿ ನುಡಿಸಲು ವಿಶೇಷವಾದ ಗಿಟಾರೊಂದನ್ನು ಮಾಡಿಸಿಕೊಂಡನು. ಅದರಲ್ಲಿ ಶ್ರುತಿಗಾಗಿ ಮಿಡಿಯುವ ಬೇರೆ ತಂತಿಗಳಿದ್ದವು. ಅದಕ್ಕಿಂತ ಮುಖ್ಯವಾದುದು, ಮೆಟ್ಟು ಮೆಟ್ಟುಗಳ ನಡುವಿನ ಮರವನ್ನು ತೋಡಿ ಹಳ್ಳಮಾಡಿದ್ದರು. ವೀಣೆಯಲ್ಲಿ ಮೆಟ್ಟುಗಳು ದಂಡಿಯಿಂದ ಎತ್ತರದಲ್ಲಿ ನಿಲ್ಲುವುದರಿಂದ ಬೆರಳು ಮರವನ್ನು ಸೋಕದೆ ತಂತಿಯನ್ನು ಸೆಳೆಯಬಲ್ಲದು; ಒಂದೇ ಮೆಟ್ಟಿನಲ್ಲಿ ಮೂರು ನಾಲ್ಕು ಸ್ವರಗಳ ಗಮಕವು ಹೊಮ್ಮುವುದು ಈ ಕಾರಣದಿಂದಲೇ. ತೋಡಿದ ಕೊರಳಿನ ಆ ಗಿಟಾರಿನಲ್ಲಿಯೂ ಬೆರಳಿಗೆ ಅಷ್ಟು ಎಡೆ ದೊರೆಯಿತು. ೧೯೭೫ರಲ್ಲಿ ಮುದ್ರಿತವಾದ ಆ ಮೇಳದ ಮೊದಲನೆಯ ಕಚೇರಿಯನ್ನು ಕೇಳುವವರು, ಮೆಕ್‌ಲಾಘ್ಲಿನನು ಸ್ವರವನ್ನು ಹಿಡಿದು ತಂತಿಯನ್ನು ಸೆಳೆಯುವೆಡೆಗಳನ್ನು ಶ್ರೇಣಿಯ ನೇರವಾದ ಓಟಗಳೊಡನೆ ಹೋಲಿಸಿ ನೋಡಬಹುದು.