ಕಮೋಯಾ ಕಿಮೆಯು: ಕೀನ್ಯಾದ ಪಳೆಯುಳಿಕೆ ಶೋಧಕ
ಪಳೆಯುಳಿಕೆಗಳ, ಅಂದರೆ ನೆಲದಡಿ ಹುದುಗಿ ಕಾಲಾಂತರದಲ್ಲಿ ಕಲ್ಲಾದ ಅಸ್ಥಿಗಳ ಶೋಧದಲ್ಲಿ ವಿಶ್ವವಿದ್ಯಾಲಯದ ಪದವಿಗಿಂತ ಪಳಗಿದ ಕಣ್ಣೇ ಹಿರಿದೆಂಬುದಕ್ಕೆ ಕೀನ್ಯಾದ ಕಮೋಯಾ ಕಿಮೆಯು ಅವರ ವೃತ್ತಿಜೀವನಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. 1960ರಲ್ಲಿ ಪಳೆಯುಳಿಕೆ ಸಂಶೋಧಕರಾದ ಲೂಯಿಸ್ ಮತ್ತು ಮೇರಿ ಲೀಕಿ ದಂಪತಿಗಳ ಉತ್ಖನನಕ್ಕೆ ಅಗೆಯುವ ಕೂಲಿಯಾಗಿ ಸೇರಿದ ಅವರು, 1964ರಲ್ಲಿ ಪೆನಿಂಜ್ ಎಂಬಲ್ಲಿ ಮಾನವನ ದೂರದ ಬಂಧುವೆನ್ನಬಹುದಾದ ದೊಡ್ಡ ಹಲ್ಲಿನ ಜೀವಿಯೊಂದರ ದವಡೆಯನ್ನು ಪತ್ತೆಹಚ್ಚಿದರು. 1984ರಲ್ಲಿ ತುರ್ಕಾನಾ ಸರೋವರದ ಪಶ್ಚಿಮಕ್ಕಿರುವ ನರಿಯೊಕೊಟೊಮೆಯಲ್ಲಿ, ಸುತ್ತಲಿನ ಕಪ್ಪು ಕಲ್ಲುಗಳಿಂದ ಬೇರೆಯೆಂದು ತೋರದ ತಲೆಬುರುಡೆಯ ಸಣ್ಣ ಚೂರನ್ನು ಅವರು ಗುರುತಿಸಿದ್ದರಿಂದಲೇ, ಸುಮಾರು 15 ಲಕ್ಷ ವರ್ಷಗಳ ಹಿಂದೆ ಬದುಕಿದ್ದ, ನಮ್ಮಂತೆ ನೆಟ್ಟಗೆ ನಡೆಯುತ್ತಿದ್ದ ಹೋಮೊ ಎರೆಕ್ಟಸ್ ಪ್ರಭೇದದ ಬಾಲಕನೊಬ್ಬನ ಬಹುಪಾಲು ಅಸ್ಥಿಪಂಜರ ಬೆಳಕಿಗೆ ಬಂತು. ಸಂಶೋಧನ ಪ್ರಬಂಧಗಳ ಕೀರ್ತಿ ಹೆಚ್ಚಾಗಿ ವಿದ್ವಾಂಸರಿಗೇ ಸಂದರೂ, ಪ್ರಾಚೀನ ವಾನರವೊಂದಕ್ಕೆ ಕಮೋಯಾಪಿತೆಕಸ್ ಎಂದು ಅವರ ಹೆಸರನ್ನೇ ಇಟ್ಟದ್ದು ಸರ್ವಥಾ ಉಚಿತವಾಗಿತ್ತು.