ಹಳೆಯ ವೇಪ್ ಟ್ಯಾಂಕ್‌ ಒಳಗೆ ಏನಿದೆ? ಬತ್ತಿ, ಕಾಯಿಲ್ ಕೆಲಸ ಮಾಡುವುದು ಹೇಗೆ? ಬತ್ತಿ ಒಣಗಿದರೆ ಅಪಾಯವೇನು?

ಚೆನ್ನೈ: ಪುರಸೈವಾಕ್ಕಂನ ಗಂಗಾಧರೇಶ್ವರ ದೇವಸ್ಥಾನದಲ್ಲಿ ಉರಿಯುವ ಎಣ್ಣೆ ದೀಪಕ್ಕೂ ಇ-ಸಿಗರೇಟ್‌ಗೂ ಏನು ಸಂಬಂಧ ಎಂದು ಕೇಳಿದರೆ ಯಾರಿಗಾದರೂ ಅಚ್ಚರಿಯಾಗಬಹುದು. ಆದರೆ ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ರೀತಿ ಮತ್ತು ಹಳೆಯ ವೇಪ್ ಟ್ಯಾಂಕ್‌ನ ಬತ್ತಿ ದ್ರವವನ್ನು ಎಳೆಯುವ ರೀತಿ ಒಂದೇ. ಎಣ್ಣೆ ತೀರಿದಾಗ ಬತ್ತಿಯೇ ಕರಕಲಾಗುವುದೂ ಎರಡರಲ್ಲೂ ಒಂದೇ. ದೀಪದಲ್ಲಿ ಆ ಹೊಗೆ ಗಾಳಿಗೆ ಹೋಗುತ್ತದೆ, ವೇಪ್‌ನಲ್ಲಿ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ.

ಭಾರತದಲ್ಲಿ ಇ-ಸಿಗರೇಟ್ ಮಾರಾಟ ನಿಷಿದ್ಧ. ಆದರೂ ಇದು 'ಬರೀ ನೀರಿನ ಆವಿ' ಎಂಬ ಮಾತು ಯುವಕರ ನಡುವೆ ಇನ್ನೂ ಓಡಾಡುತ್ತಿದೆ. ಅದು ಎಷ್ಟು ನಿಜ ಎಂದು ತಿಳಿಯಬೇಕಾದರೆ ಟ್ಯಾಂಕ್‌ನ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಬತ್ತಿಯ ಕೆಲಸವೇನು?

ಬತ್ತಿ ಎಂದರೆ ನೂರಾರು ಸಣ್ಣ ಎಳೆಗಳ ಕಟ್ಟು. ಎಳೆಗಳ ನಡುವಿನ ಕಿರಿದಾದ ಸಂದುಗಳಲ್ಲಿ ದ್ರವ ತಾನಾಗಿಯೇ ಹರಿಯುತ್ತದೆ. ಇದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ಹಣತೆ, ಸೀಮೆಎಣ್ಣೆ ಬುಡ್ಡಿ, ಬತ್ತಿ ಸ್ಟವ್, ಸೊಳ್ಳೆ ಓಡಿಸುವ ದ್ರವದ ಯಂತ್ರ ಎಲ್ಲದರಲ್ಲೂ ನಡೆಯುವುದು ಇದೇ.

ಆರಂಭದ ಟ್ಯಾಂಕ್‌ಗಳಲ್ಲಿ ಸಿಲಿಕಾ ಎಳೆಗಳನ್ನು ಹೆಣೆದ ಬತ್ತಿ ಇರುತ್ತಿತ್ತು. ಅದು ಶಾಖಕ್ಕೆ ಸುಲಭವಾಗಿ ಸುಡುವುದಿಲ್ಲ, ಆದರೆ ದ್ರವ ಹೀರುವ ವೇಗ ಕಡಿಮೆ. ನಂತರ ಬಂದ ಟ್ಯಾಂಕ್‌ಗಳಲ್ಲಿ ಹತ್ತಿ ಬಳಕೆಗೆ ಬಂತು. ಹತ್ತಿ ಬೇಗ ಹೀರುತ್ತದೆ, ಆದರೆ ಒಣಗಿದರೆ ಬೇಗ ಸುಟ್ಟುಹೋಗುತ್ತದೆ.

ಕಾಯಿಲ್ ಬಿಸಿಯಾಗುವುದು ಹೇಗೆ?

ಬತ್ತಿಗೆ ಸುತ್ತಿರುವ ತೆಳುವಾದ ತಂತಿಯೇ ಕಾಯಿಲ್. ಇದಕ್ಕೆ ಬಳಸುವುದು ಸಾಮಾನ್ಯವಾಗಿ ನಿಕಲ್ ಮತ್ತು ಕ್ರೋಮಿಯಂ ಸೇರಿದ ನೈಕ್ರೋಮ್, ಇಲ್ಲವೇ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕಾಂತಲ್. ಮನೆಯ ಕರೆಂಟ್ ಒಲೆಯ ಸುರುಳಿಯೂ ಇದೇ ಬಗೆಯ ಲೋಹದ್ದು. ವಿದ್ಯುತ್ ಹರಿವಿಗೆ ತಂತಿ ತಡೆ ಒಡ್ಡುತ್ತದೆ, ಆ ತಡೆಯಿಂದ ಶಾಖ ಹುಟ್ಟುತ್ತದೆ.

ಉದಾಹರಣೆಗೆ, 3.7 ವೋಲ್ಟ್ ಬ್ಯಾಟರಿಗೆ 1.8 ಓಮ್ ತಡೆಯ ಕಾಯಿಲ್ ಜೋಡಿಸಿದರೆ ಸುಮಾರು 7.6 ವ್ಯಾಟ್ ಶಾಖ ಬರುತ್ತದೆ. ತಡೆ 0.5 ಓಮ್‌ಗೆ ಇಳಿದರೆ ಅದೇ ಬ್ಯಾಟರಿಯಿಂದ 27 ವ್ಯಾಟ್‌ಗೂ ಹೆಚ್ಚು ಶಾಖ ಬರುತ್ತದೆ. ತಡೆ ಕಡಿಮೆಯಾದಷ್ಟೂ ಶಾಖ ಹೆಚ್ಚು, ಬ್ಯಾಟರಿಯ ಮೇಲಿನ ಹೊರೆಯೂ ಹೆಚ್ಚು.

ಟ್ಯಾಂಕ್‌ನ ದ್ರವದಲ್ಲಿ ಮುಖ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು ಸುಮಾರು 188 ಡಿಗ್ರಿ ಸೆಲ್ಸಿಯಸ್‌ಗೆ, ಎರಡನೆಯದು ಸುಮಾರು 290 ಡಿಗ್ರಿಗೆ ಕುದಿಯುತ್ತದೆ. ಜೊತೆಗೆ ನಿಕೋಟಿನ್ ಮತ್ತು ಸುವಾಸನೆಯ ರಾಸಾಯನಿಕಗಳು ಇರುತ್ತವೆ. ಬಾಯಿಂದ ಹೊರಬರುವ ಬಿಳಿ ಮೋಡ ಈ ದ್ರವದ ಸೂಕ್ಷ್ಮ ಹನಿಗಳದ್ದು. ಹಾಗಾಗಿ ಅದು ನೀರಿನ ಆವಿ ಎಂಬ ಮಾತಿಗೆ ಆಧಾರವಿಲ್ಲ.

ಬತ್ತಿ ಒಣಗಿದರೆ ಏನಾಗುತ್ತದೆ?

ದ್ರವ ಆವಿಯಾಗುವಾಗ ಕಾಯಿಲ್‌ನ ಶಾಖವನ್ನು ತನ್ನೊಂದಿಗೆ ಒಯ್ಯುತ್ತದೆ. ಬತ್ತಿ ತೇವವಾಗಿರುವವರೆಗೆ ಉಷ್ಣತೆ ಒಂದು ಮಿತಿಯಲ್ಲಿರುತ್ತದೆ. ಬತ್ತಿ ಒಣಗಿದ ಕೂಡಲೇ ಆ ಮಿತಿ ತಪ್ಪಿಹೋಗುತ್ತದೆ.

2010ರ ದಶಕದ ಆರಂಭದಲ್ಲಿ ಬಳಕೆಯಲ್ಲಿದ್ದ ಟ್ಯಾಂಕ್‌ಗಳಲ್ಲಿ ಕಾಯಿಲ್ ಮೇಲ್ಭಾಗದಲ್ಲಿತ್ತು. ಉದ್ದನೆಯ ಬತ್ತಿಗಳು ಕೆಳಗೆ ದ್ರವದೊಳಗೆ ಇಳಿಬಿದ್ದಿರುತ್ತಿದ್ದವು. ದ್ರವದ ಮಟ್ಟ ಇಳಿದಂತೆ ಅದು ಮೇಲೇರಬೇಕಾದ ದೂರ ಹೆಚ್ಚುತ್ತಿತ್ತು. ಗ್ಲಿಸರಿನ್ ಮಂದವಾದ್ದರಿಂದ ಏರುವ ವೇಗ ಇನ್ನೂ ಕುಗ್ಗುತ್ತಿತ್ತು. ಒಂದರ ಹಿಂದೆ ಒಂದು ಬೇಗ ಬೇಗ ಎಳೆದರೆ ಬತ್ತಿಗೆ ಮತ್ತೆ ತೇವವಾಗಲು ಸಮಯವೇ ಸಿಗುತ್ತಿರಲಿಲ್ಲ. ಇದೇ ಕಾರಣಕ್ಕೆ ನಂತರದ ವಿನ್ಯಾಸಗಳಲ್ಲಿ ಕಾಯಿಲ್ ಟ್ಯಾಂಕ್‌ನ ತಳಕ್ಕೆ ಇಳಿಯಿತು. ಆಗ ದ್ರವ ಬತ್ತಿಗೆ ಹತ್ತಿರವಾಯಿತು, ಆದರೆ ಸೋರಿಕೆಯ ತೊಂದರೆ ಶುರುವಾಯಿತು. ನಿಕೋಟಿನ್ ದ್ರವ ಚರ್ಮದ ಮೂಲಕವೂ ದೇಹ ಸೇರುತ್ತದೆ, ಪುಟ್ಟ ಮಕ್ಕಳು ನುಂಗಿದರೆ ಪ್ರಾಣಕ್ಕೇ ಕುತ್ತು.

ಒಣ ಬತ್ತಿಯ ಮೇಲೆ ಕಾಯಿಲ್ ಕಾದಾಗ ಗಂಟಲು ಸುಡುವ ಸೀದ ವಾಸನೆ ಬರುತ್ತದೆ. ಆ ಹೊತ್ತಿಗೆ ದ್ರವ ವಿಭಜನೆಯಾಗಿ ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ನಂತಹ ವಿಷಕಾರಿ ಅಂಶಗಳು ಹುಟ್ಟುತ್ತವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ. ಸೀದ ವಾಸನೆ ಬಂದಾಗ ಮಾತ್ರ ಅಪಾಯ ಎಂದುಕೊಳ್ಳುವಂತೆಯೂ ಇಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲ್ ಸೋಕಿದ ನಂತರದ ಆವಿಯಲ್ಲಿ ಸೀಸ, ನಿಕಲ್, ಕ್ರೋಮಿಯಂ ಅಂಶಗಳು ಪತ್ತೆಯಾಗಿದ್ದವು.

ಕಾನೂನು ಏನು ಹೇಳುತ್ತದೆ?

ಕರ್ನಾಟಕ 2016ರಲ್ಲಿ ಮತ್ತು ತಮಿಳುನಾಡು 2018ರಲ್ಲಿ ಇ-ಸಿಗರೇಟ್ ನಿಷೇಧಿಸಿದ್ದವು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಇದರಂತೆ ದೇಶಾದ್ಯಂತ ಉತ್ಪಾದನೆ, ಆಮದು, ರಫ್ತು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ದ್ರವದಲ್ಲಿ ನಿಕೋಟಿನ್ ಇಲ್ಲದಿದ್ದರೂ ಈ ಕಾನೂನು ಅನ್ವಯಿಸುತ್ತದೆ.

* ಮಾರಾಟ, ಉತ್ಪಾದನೆ, ಜಾಹೀರಾತು (ಮೊದಲ ಬಾರಿ): 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ
* ಮತ್ತೆ ಸಿಕ್ಕಿಬಿದ್ದರೆ: 3 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂ.ವರೆಗೆ ದಂಡ
* ದಾಸ್ತಾನು: 6 ತಿಂಗಳವರೆಗೆ ಜೈಲು ಅಥವಾ 50 ಸಾವಿರ ರೂ.ವರೆಗೆ ದಂಡ, ಇಲ್ಲವೇ ಎರಡೂ

ಕದ್ದುಮುಚ್ಚಿ ಮಾರುವ ಸಾಧನದ ಬತ್ತಿ ಯಾವುದರದ್ದು, ತಂತಿ ಯಾವ ಲೋಹದ್ದು, ದ್ರವದಲ್ಲಿ ಏನೇನು ಬೆರೆತಿದೆ ಎಂದು ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ. ಮಕ್ಕಳ ಬ್ಯಾಗ್‌ನಲ್ಲಿ ಪೆನ್ನಿನಂತಹ ಅಪರಿಚಿತ ಸಾಧನ ಕಂಡರೆ ಅಥವಾ ಕೋಣೆಯಲ್ಲಿ ಪದೇ ಪದೇ ಹಣ್ಣಿನ ಸಿಹಿ ವಾಸನೆ ಬರುತ್ತಿದ್ದರೆ ಪೋಷಕರು ಗದರಿಸುವ ಮೊದಲು ಕೂರಿಸಿ ಮಾತನಾಡುವುದು ಒಳ್ಳೆಯದು. ನಿಕೋಟಿನ್ ಚಟ ಬಿಡಲು ನೆರವು ಬೇಕಿದ್ದರೆ 1800-11-2356 ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.