ಸುಂಕದವನ ಮುಂದೆ ಸುಖದುಃಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಸುಂಕದವನಿಗೆ ಬೇಕಾದದ್ದು ಎತ್ತಿನ ಮೇಲಿನ ಹೇರು. ಎತ್ತಿನೊಡೆಯನ ಮನೆಯ ಸಂಗತಿ ಅವನಿಗೆ ಬೇಡ. ನಾನು ತರಗತಿಯಲ್ಲಿ ಶಾಸನಗಳ ಪಾಠ ಹೇಳುವಾಗ ಎದುರಾಗುವ ಮನೆವಣ, ಮಗ್ಗದೆರೆ, ಗಾಣದೆರೆ ಮೊದಲಾದ ಹೆಸರುಗಳೂ ಈ ಮಾತನ್ನೇ ಸಮರ್ಥಿಸುತ್ತವೆ. ಮನೆ, ಮಗ್ಗ, ಗಾಣ ಇವೆಲ್ಲ ಕಣ್ಣಿಗೆ ಕಾಣುವ ವಸ್ತುಗಳು. ಅಧಿಕಾರಿ ಬೀದಿಯಲ್ಲಿ ನಿಂತು ಎಣಿಸಿದರೆ ಲೆಕ್ಕ ಮುಗಿಯಿತು. ಆ ತೆರಿಗೆ ಹಗುರವಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ‘ನಿನ್ನ ಗಳಿಕೆ ಎಷ್ಟು?’ ಎಂದು ಅದು ಕೇಳುತ್ತಿರಲಿಲ್ಲ.

ಆ ಪ್ರಶ್ನೆಯನ್ನು ದೇಶದ ಮುಂದೆ ಕಾನೂನಿನ ರೂಪದಲ್ಲಿ ಇಟ್ಟವನು ಜೇಮ್ಸ್ ವಿಲ್ಸನ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಟೋಪಿ ತಯಾರಿಕೆಯಿಂದ ಬದುಕನ್ನಾರಂಭಿಸಿ, ನೀಲಿಯ ಸಟ್ಟಾವ್ಯಾಪಾರದಲ್ಲಿ ಕೈಸುಟ್ಟುಕೊಂಡು, 1843ರಲ್ಲಿ ‘ಇಕಾನಮಿಸ್ಟ್’ ಪತ್ರಿಕೆಯನ್ನು ಸ್ಥಾಪಿಸಿದವನು ಅವನು. 1857ರ ಬಂಡಾಯವನ್ನು ಅಡಗಿಸಲು ಆದ ವೆಚ್ಚದಿಂದ ಭಾರತ ಸರ್ಕಾರದ ಸಾಲಕ್ಕೆ ಸುಮಾರು 4 ಕೋಟಿ ಪೌಂಡು ಸೇರಿಕೊಂಡಿತ್ತು. ಬೊಕ್ಕಸವನ್ನು ಸರಿಪಡಿಸಲು ಇಂಗ್ಲೆಂಡಿನಿಂದ ಬಂದ ವಿಲ್ಸನ್, 1860ರ ಫೆಬ್ರವರಿ 18ರಂದು ಕಲ್ಕತ್ತೆಯಲ್ಲಿ ತನ್ನ ಆಯವ್ಯಯವನ್ನು ಮಂಡಿಸಿದ. ವರ್ತಕರಿಂದ ತೆರಿಗೆ ಪಡೆಯುವುದು ಈ ನಾಡಿಗೆ ಹೊಸದಲ್ಲವೆಂದು ತೋರಿಸಲು ಮನುವನ್ನೇ ಸಾಕ್ಷಿಗೆ ಕರೆದದ್ದು ಅವನ ಜಾಣತನ.

ಅದೇ ವರ್ಷದ ಜುಲೈ 24ರಿಂದ ವರಮಾನ ತೆರಿಗೆ ಜಾರಿಗೆ ಬಂದಿತು. ಭೂಮಿ ಮತ್ತು ಮನೆಗಳ ಆದಾಯ, ವೃತ್ತಿ ವ್ಯಾಪಾರಗಳ ಲಾಭ, ಸಾಲಪತ್ರಗಳ ಬಡ್ಡಿ, ಸಂಬಳ ಮತ್ತು ನಿವೃತ್ತಿವೇತನ ಎಂದು ಅದರಲ್ಲಿ ನಾಲ್ಕು ವಿಭಾಗಗಳಿದ್ದವು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವಿದ್ದವರಿಗೆ ವಿನಾಯಿತಿ; 200ರಿಂದ 500ರವರೆಗೆ ನೂರಕ್ಕೆ 2; ಅದಕ್ಕೆ ಮೇಲ್ಪಟ್ಟರೆ ನೂರಕ್ಕೆ 4. ಅಂದರೆ ತಿಂಗಳಿಗೆ 16–17 ರೂಪಾಯಿ ಗಳಿಸುವ ಅಂಗಡಿಯವನೂ ಈ ಬಲೆಗೆ ಬಿದ್ದ. ಅವನು ಕೊಡಬೇಕಾದದ್ದು ವರ್ಷಕ್ಕೆ 4 ರೂಪಾಯಿ. ಮೊತ್ತ ದೊಡ್ಡದಲ್ಲ. ಆದರೆ ತನ್ನ ಗಳಿಕೆ ಇಷ್ಟೇ ಎಂದು ಅವನು ಹೇಳಬೇಕು, ಹೇಳಿದ್ದನ್ನು ಸರ್ಕಾರ ನಂಬಬೇಕು. ನೆನಪಿನಲ್ಲೇ ವ್ಯಾಪಾರ ನಡೆಸುವವನು ಯಾವ ಲೆಕ್ಕದ ಪುಸ್ತಕವನ್ನು ತೋರಿಸಿಯಾನು? ಶ್ರೀಮಂತನಿಗೆ ಗುಮಾಸ್ತರಿದ್ದರು, ಬಡ ವ್ಯಾಪಾರಿಗೆ ಇದ್ದದ್ದು ಬಾಯಿಮಾತು ಮಾತ್ರ.

ಈ ಕಷ್ಟವನ್ನು ಸರ್ಕಾರದೊಳಗೇ ಒಬ್ಬನು ಕಂಡಿದ್ದನು. ಅವನು ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್. ನಮ್ಮ ಬಳ್ಳಾರಿ, ಮಂಗಳೂರುಗಳೂ ಆಗ ಅವನ ಆಡಳಿತದಲ್ಲಿದ್ದವು. ಹೊಸ ತೆರಿಗೆಯನ್ನು ಹಾಕುವುದಕ್ಕಿಂತ ಸೈನ್ಯದ ವೆಚ್ಚವನ್ನು ತಗ್ಗಿಸುವುದೇ ಸರಿಯಾದ ಮಾರ್ಗವೆಂದು ವಾದಿಸಿದ ಅವನು, ತನ್ನ ಆಕ್ಷೇಪಣೆಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಿಯೇಬಿಟ್ಟ. ಮೇಲಿನವರ ಗುಟ್ಟನ್ನು ಬೀದಿಗೆ ತಂದ ತಪ್ಪಿಗಾಗಿ ಅವನನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ವಿಲ್ಸನ್ನನಿಗೂ ತನ್ನ ಗಿಡದ ಫಲವನ್ನು ನೋಡುವ ಯೋಗವಿರಲಿಲ್ಲ. ಕಾನೂನು ಜಾರಿಯಾದ ಮೂರೇ ವಾರಗಳಲ್ಲಿ, ಆಗಸ್ಟ್ 11ರಂದು, ಆಮಶಂಕೆಯಿಂದ ಕಲ್ಕತ್ತೆಯಲ್ಲಿ ತೀರಿಕೊಂಡ.

ಮುಂದಿನ ಕಥೆ ಸ್ವಾರಸ್ಯವಾದದ್ದು. ಸಣ್ಣ ಆದಾಯದವರಿಂದ ಬರುವ ಹಣ ಸ್ವಲ್ಪ, ಅದಕ್ಕಾಗಿ ಕೊಡುವ ಕಿರುಕುಳ ಬಹಳ ಎಂಬುದು ಎರಡು ವರ್ಷಗಳಲ್ಲೇ ಅರಿವಾಯಿತು. 1862ರಲ್ಲಿ ವಿನಾಯಿತಿಯ ಮಿತಿ 500 ರೂಪಾಯಿಗೆ ಏರಿತು. ಮರುವರ್ಷ ಟ್ರೆವೆಲ್ಯನ್ನನೇ ಹಣಕಾಸಿನ ಸದಸ್ಯನಾಗಿ ಕಲ್ಕತ್ತೆಗೆ ಬಂದ. ಯಾವ ತೆರಿಗೆಯನ್ನು ವಿರೋಧಿಸಿ ಅವನು ಅಧಿಕಾರ ಕಳೆದುಕೊಂಡಿದ್ದನೋ, ಅದು 1865ರಲ್ಲಿ ಅವಧಿ ಮುಗಿದು ಅವನ ಕೈಯಲ್ಲೇ ಕೊನೆಗೊಂಡಿತು.

ಕೊನೆಗೊಂಡರೂ ಮರೆಯಾಗಲಿಲ್ಲ. 1867ರಲ್ಲಿ ಲೈಸೆನ್ಸ್ ತೆರಿಗೆ, 1868ರಲ್ಲಿ ಸರ್ಟಿಫಿಕೇಟ್ ತೆರಿಗೆ, 1869ರಲ್ಲಿ ಮತ್ತೆ ವರಮಾನ ತೆರಿಗೆ, 1873ರಲ್ಲಿ ಅದರ ರದ್ದತಿ. ಹೀಗೆ ಹೆಸರೂ ದರವೂ ಬದಲಾಗುತ್ತಲೇ ಹೋದವು. ಹೋದ ವರ್ಷದ ನಿಯಮ ಅರ್ಥವಾಗುವಷ್ಟರಲ್ಲಿ ಈ ವರ್ಷದ್ದು ಬಂದಿರುತ್ತಿತ್ತು.

ಇದರ ಪರಮಾವಧಿ 1878ರಲ್ಲಿ ಕಂಡಿತು. ಧಾತು ಈಶ್ವರ ಸಂವತ್ಸರಗಳ ಭೀಕರ ಬರವನ್ನು ನಮ್ಮ ಜನ ಇಂದಿಗೂ ನೆನೆಯುತ್ತಾರೆ. ಮುಂದಿನ ಬರಗಳಿಗಾಗಿ ನಿಧಿ ಕೂಡಿಸಬೇಕೆಂದು ಸರ್ಕಾರ ವ್ಯಾಪಾರಿಗಳ ಮೇಲೆ ಲೈಸೆನ್ಸ್ ತೆರಿಗೆಯನ್ನು ವಿಧಿಸಿತು. ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ವರ್ಷಕ್ಕೆ 100 ರೂಪಾಯಿ ಗಳಿಸುವವನನ್ನೂ ಅದು ಬಿಡಲಿಲ್ಲ. ದೊಡ್ಡ ಸಂಬಳದ ಅಧಿಕಾರಿಗಳನ್ನೂ ವಕೀಲರನ್ನೂ ಮುಟ್ಟಲಿಲ್ಲ. ಬರದಲ್ಲಿ ಬೆಂದವನೇ ಬರದ ನಿಧಿಗೂ ಕೊಡಬೇಕಾಯಿತು. ಏಪ್ರಿಲ್ ತಿಂಗಳಲ್ಲಿ ಸೂರತ್ತಿನ ವರ್ತಕರು ಅಂಗಡಿಗಳನ್ನು ಮುಚ್ಚಿದರು. ಗಲಭೆಯಾಯಿತು, ಗುಂಡು ಹಾರಿತು. 1880ರಲ್ಲಿ ಸರ್ಕಾರ ಇಲ್ಲಿಯೂ ಮಿತಿಯನ್ನು 500ಕ್ಕೆ ಏರಿಸಿತು. ಹದಿನೆಂಟು ವರ್ಷಗಳ ಹಿಂದೆ ಕಲಿತ ಪಾಠವನ್ನು ರಕ್ತ ಹರಿದ ಮೇಲೆ ಮತ್ತೆ ಕಲಿಯಬೇಕಾಯಿತು.

1886ರ ಕಾನೂನು ಸಂಬಳದವರನ್ನೂ ವ್ಯಾಪಾರಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ವ್ಯವಸಾಯದ ಆದಾಯವನ್ನು ಹೊರಗಿಟ್ಟಿತು. ತೆರಿಗೆ ನೆಲೆನಿಂತದ್ದು ಅಂದಿನಿಂದ. ಅದರ ಮೇಲೆ 1922ರ ಕಾನೂನು, 1961ರ ಕಾನೂನು ಬಂದವು. ಈಗ 2025ರ ಕಾನೂನು 2026ರ ಏಪ್ರಿಲ್ 1ರಿಂದ ಆ ಸ್ಥಾನಕ್ಕೆ ಬಂದಿದೆ. ಸೇರ್ಪಡೆಗಳಿಂದ 819ಕ್ಕೆ ಬೆಳೆದಿದ್ದ ಕಲಂಗಳು 536ಕ್ಕೆ ಇಳಿದಿವೆ; ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ ಎಂಬ ಗೊಂದಲ ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಮಾತು ಬಂದಿದೆ. ಭಾಷೆಯ ಮೇಷ್ಟರಾದ ನನಗೆ ಇದು ಸಣ್ಣ ಸುಧಾರಣೆಯಾಗಿ ತೋರುವುದಿಲ್ಲ. ತನಗೆ ತಿಳಿಯದ ಮಾತಿನಲ್ಲಿ ಕೇಳಿದ ಪ್ರಶ್ನೆಗೆ ಪ್ರಾಮಾಣಿಕನೂ ತಪ್ಪು ಉತ್ತರ ಕೊಟ್ಟಾನು.

ಸಂಬಳದವನಾದ ನನ್ನ ತೆರಿಗೆ ಹಣ ಕೈಸೇರುವ ಮೊದಲೇ ಮುರಿದುಹೋಗುತ್ತದೆ. ಬಾಡಿಗೆಯ ಒಂದು ಮನೆಯನ್ನೇ ನಂಬಿದ ವೃದ್ಧರಿಗೆ, ಬೀದಿ ಮೂಲೆಯ ಅಂಗಡಿಯವನಿಗೆ ಆ ಸೌಕರ್ಯವಿಲ್ಲ. ತಮ್ಮ ಲೆಕ್ಕವನ್ನು ಅವರೇ ಹೇಳಬೇಕು. ಹಿಂದಿನವರು ಸುಂಕದವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲವೆಂದರು. 1860ರಿಂದ ಈಚೆಗೆ ಹೇಳದೆ ವಿಧಿಯಿಲ್ಲ. ಹೇಳುವುದು ಕಡ್ಡಾಯವಾದ ಮೇಲೆ ಕೇಳುವವನಿಗೂ ಕಿವಿ ಇರಬೇಕಾದದ್ದು ನ್ಯಾಯ.